ಬೆಂಗಳೂರಿನ ಟ್ಯಾಕ್ಸಿ ಕೇಸಿನಲ್ಲಿ ಯಾರೂ ಕೇಳದ ಪ್ರಶ್ನೆ

2017ರ ಜುಲೈ 19ರಂದು ಭಾರತದ ಸ್ಪರ್ಧಾ ಆಯೋಗ ಓಲಾ ವಿರುದ್ಧದ ದೂರನ್ನು ಮುಗಿಸಿತು. ದೂರು ಕೊಟ್ಟವರು ಫಾಸ್ಟ್ ಟ್ರ್ಯಾಕ್ ಕಾಲ್ ಕ್ಯಾಬ್ ಮತ್ತು ಮೇರು. ಪ್ರಯಾಣಿಕರಿಗೆ ರಿಯಾಯಿತಿ, ಚಾಲಕರಿಗೆ ಇನ್ಸೆಂಟಿವ್ ಎಂದು ಓಲಾ ಹೂಡಿಕೆದಾರರ ಹಣ ಸುರಿಯುತ್ತಿದೆ, ವೆಚ್ಚಕ್ಕಿಂತ ಕಡಿಮೆ ದರಕ್ಕೆ ಗಾಡಿ ಓಡಿಸುತ್ತಿದೆ, ಹೀಗಾದರೆ ನಾವು ಉಳಿಯುವುದು ಹೇಗೆ ಎನ್ನುವುದು ಅವರ ಅಳಲು. ಆಯೋಗ ಮೊದಲು ಮಾರುಕಟ್ಟೆಯ ಗಡಿ ಗುರುತಿಸಿತು: ಬೆಂಗಳೂರಿನ ರೇಡಿಯೋ ಟ್ಯಾಕ್ಸಿ, ಅಂದರೆ ಫೋನಿನಲ್ಲೋ ಆ್ಯಪ್‌ನಲ್ಲೋ ಕರೆಸಿಕೊಳ್ಳುವ ಟ್ಯಾಕ್ಸಿ ಸೇವೆ. ಆ ಗಡಿಯೊಳಗೆ ಓಲಾ ಪ್ರಬಲ ಸ್ಥಾನದಲ್ಲಿದೆಯೇ ಎಂದು ನೋಡಿತು. ಪಕ್ಕದಲ್ಲೇ ಊಬರ್ ಅಷ್ಟೇ ಜೋರಾಗಿ ಬೆಳೆಯುತ್ತಿತ್ತು. ಆದ್ದರಿಂದ ಓಲಾ ಪ್ರಬಲವಲ್ಲ ಎಂದಿತು. ಪ್ರಬಲವಲ್ಲ ಎಂದ ಮೇಲೆ ಪ್ರಾಬಲ್ಯದ ದುರ್ಬಳಕೆಯ ಮಾತೇ ಬರುವುದಿಲ್ಲ.

ನಾನಿರುವ ಬಾನ್ ಊರಿನಲ್ಲೇ ಜರ್ಮನಿಯ ಸ್ಪರ್ಧಾ ಪ್ರಾಧಿಕಾರ ಬುಂಡೆಸ್‌ಕಾರ್ಟೆಲ್‌ಆಮ್ಟ್ ಇದೆ. ಇಂಥ ಕೇಸುಗಳ ಆರ್ಥಿಕ ವರದಿಗಳನ್ನು ಓದುವುದು, ಬರೆಯುವುದು ನನ್ನ ಕೆಲಸ. ಬೆಂಗಳೂರಿನ ಆ ಆದೇಶವನ್ನು ಇಲ್ಲಿ ಕೂತು ಓದಿದಾಗಲೆಲ್ಲ ನನಗೆ ಅನ್ನಿಸುವುದು ಒಂದೇ. ಅದರಲ್ಲಿರುವ ಅರ್ಥಶಾಸ್ತ್ರ ಕೆಟ್ಟದ್ದಲ್ಲ. ಆದರೆ ಕಾಯ್ದೆ ಆ ಅರ್ಥಶಾಸ್ತ್ರದ ಕೈಗೆ ಕೊಟ್ಟ ಪ್ರಶ್ನೆಯೇ ತಪ್ಪಾಗಿತ್ತು.

ನಮ್ಮ 2002ರ ಸ್ಪರ್ಧಾ ಕಾಯ್ದೆಯ ನಾಲ್ಕನೇ ಸೆಕ್ಷನ್ ಒಂದು ಕಂಪನಿ ಅಥವಾ ಒಂದೇ ಒಡೆತನದ ಗುಂಪು ಪ್ರಬಲವಾಗಿದೆಯೇ ಎಂದಷ್ಟೇ ಕೇಳುತ್ತದೆ. ಇಬ್ಬರು ಒಬ್ಬರ ಮೇಲೊಬ್ಬರು ಬಿದ್ದು ಹಣ ಸುಡುವಾಗ ಮೂರನೆಯವನು ನೆಲ ಕಚ್ಚಿದರೆ ಅದು ಆ ಸೆಕ್ಷನ್ನಿನ ಕಣ್ಣಿಗೆ ಬೀಳುವುದಿಲ್ಲ. 2012ರ ತಿದ್ದುಪಡಿ ಮಸೂದೆ ‘ಒಂಟಿಯಾಗಿ ಅಥವಾ ಜಂಟಿಯಾಗಿ’ ಪ್ರಬಲರಾದವರನ್ನೂ ಸೇರಿಸಲು ಹೊರಟಿತ್ತು. ಆ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಬಿದ್ದುಹೋಯಿತು.

ಜರ್ಮನಿ ಬೇರೆ ದಾರಿ ಹಿಡಿಯಿತು. 2017ರಲ್ಲಿ ತನ್ನ ಸ್ಪರ್ಧಾ ಕಾಯ್ದೆಗೆ ಡಿಜಿಟಲ್ ಮಾರುಕಟ್ಟೆಯನ್ನು ಅಳೆಯುವ ಮಾನದಂಡಗಳನ್ನೇ ಸೇರಿಸಿತು: ಬಳಸುವವರು ಹೆಚ್ಚಿದಷ್ಟೂ ಸೇವೆಯ ಉಪಯೋಗವೂ ಹೆಚ್ಚುವ ನೆಟ್‌ವರ್ಕ್ ಪರಿಣಾಮ ಎಷ್ಟು, ಬಳಕೆದಾರರು ಎರಡು ಮೂರು ಆ್ಯಪ್‌ಗಳನ್ನು ಒಟ್ಟೊಟ್ಟಿಗೆ ಬಳಸುತ್ತಾರೆಯೇ, ಡೇಟಾ ಯಾರ ಕೈಯಲ್ಲಿದೆ. ಬಳಕೆದಾರರಿಂದ ದುಡ್ಡು ಪಡೆಯದ ಸೇವೆಯೂ ಮಾರುಕಟ್ಟೆಯೇ ಎಂದು ಬರೆಯಿತು. 2021ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಸೆಕ್ಷನ್ 20(3ಎ) ತಂದಿತು. ಅದರ ಪ್ರಕಾರ ಕಂಪನಿ ಪ್ರಬಲ ಸ್ಥಾನಕ್ಕೆ ಏರಿರಬೇಕೆಂದಿಲ್ಲ. ಉಳಿದವರಿಗಿಂತ ಹೆಚ್ಚಿನ ಬಲವಿದ್ದು, ಆ ಬಲದಿಂದ ಪ್ರತಿಸ್ಪರ್ಧಿಗಳು ತಮ್ಮದೇ ನೆಟ್‌ವರ್ಕ್ ಕಟ್ಟಿಕೊಳ್ಳದಂತೆ ತಡೆದು, ಸ್ಪರ್ಧೆಗೇ ಗಂಭೀರ ಅಪಾಯ ತಂದರೆ ಪ್ರಾಧಿಕಾರ ಮಧ್ಯೆ ಬರಬಹುದು. ಕೊಳ್ಳುವವರು ಬಾರದ ಸಂತೆಗೆ ಮಾರುವವರು ಬರುವುದಿಲ್ಲ, ಮಾರುವವರಿಲ್ಲದ ಸಂತೆಗೆ ಕೊಳ್ಳುವವರು ಬರುವುದಿಲ್ಲ. ಒಮ್ಮೆ ಜನ ಒಂದು ಕಡೆ ವಾಲಿದರೆ ಇನ್ನೊಂದು ಸಂತೆ ತಾನಾಗಿಯೇ ಮುಚ್ಚುತ್ತದೆ. ವಾಲುವುದಕ್ಕೆ ಮೊದಲೇ ನೋಡಿ ಎನ್ನುತ್ತದೆ ಈ ಸೆಕ್ಷನ್.

ಬೆಂಗಳೂರಿನ ಕೇಸಿಗೆ ಈ ಪ್ರಶ್ನೆ ಹಾಕಿದ್ದರೆ ಏನೇನು ಅಳೆಯಬೇಕಾಗುತ್ತಿತ್ತು? ಮಾರುಕಟ್ಟೆ ಪಾಲಿನ ಪಟ್ಟಿ ಸಾಲುತ್ತಿರಲಿಲ್ಲ. ಒಬ್ಬ ಚಾಲಕ ಒಂದೇ ದಿನದಲ್ಲಿ ಎಷ್ಟು ಆ್ಯಪ್‌ಗಳಿಗೆ ಲಾಗಿನ್ ಆಗುತ್ತಾನೆ? ಇಷ್ಟು ಟ್ರಿಪ್ ಮುಗಿಸಿದರೆ ಇಷ್ಟು ಬೋನಸ್ ಎಂಬ ಟಾರ್ಗೆಟ್ ಇದ್ದ ದಿನ ಅವನು ಬೇರೆ ಕಂಪನಿಯ ಟ್ರಿಪ್ ಒಪ್ಪುತ್ತಾನೆಯೇ? ಈ ಎರಡನೆಯ ಪ್ರಶ್ನೆ ನನಗೆ ಬಹಳ ಮುಖ್ಯ. ಟಾರ್ಗೆಟ್ ಬೋನಸ್ ಬರೀ ಕೂಲಿಯಲ್ಲ. ಇನ್ನೆರಡು ಟ್ರಿಪ್ ಓಡಿಸಿದರೆ ಬೋನಸ್ ಸಿಗುತ್ತದೆ ಎನ್ನುವ ಹೊತ್ತಿನಲ್ಲಿ ಚಾಲಕನನ್ನು ತನ್ನ ಕಡೆಗೆ ಸೆಳೆಯಬೇಕಾದರೆ ಚಿಕ್ಕ ಕಂಪನಿ ಆ ಟ್ರಿಪ್ಪಿನ ಬಾಡಿಗೆಯ ಜೊತೆಗೆ ಅವನು ಕಳೆದುಕೊಳ್ಳುವ ಬೋನಸ್ಸನ್ನೂ ತಾನೇ ತುಂಬಿಕೊಡಬೇಕು. ಅಷ್ಟೇ ದಕ್ಷತೆಯಿಂದ ಗಾಡಿ ಓಡಿಸುವ ಕಂಪನಿಗೂ ಅದು ಸಾಧ್ಯವೇ ಎಂದು ಲೆಕ್ಕ ಹಾಕಬಹುದು. ಲೆಕ್ಕಕ್ಕೆ ಬೇಕಾದ ಟ್ರಿಪ್‌ವಾರು ವಿವರವೆಲ್ಲ ಕಂಪನಿಗಳ ಸರ್ವರ್‌ನಲ್ಲೇ ಇರುತ್ತದೆ.

ಇದಕ್ಕೊಂದು ಉತ್ತರವಿದೆ, ಅದನ್ನು ತಳ್ಳಿಹಾಕುವಂತಿಲ್ಲ. 2022ರ ಕೊನೆಯಲ್ಲಿ ಬೆಂಗಳೂರಿನಲ್ಲೇ ಆಟೋ ಚಾಲಕರ ಸಂಘಟನೆಯ ಜೊತೆ ‘ನಮ್ಮ ಯಾತ್ರಿ’ ಬಂತು, ಕಮಿಷನ್ ಇಲ್ಲದೆ ಚಾಲಕರನ್ನು ಸೆಳೆಯಿತು. ಹೊಸಬರಿಗೆ ದಾರಿ ಮುಚ್ಚಿಲ್ಲ ಎಂದ ಆಯೋಗದ ಮಾತೇ ನಿಜವಾಯಿತಲ್ಲ ಎನ್ನಬಹುದು. ಆದರೆ ಅದು ಬಂದದ್ದು ಆದೇಶವಾಗಿ ಐದು ವರ್ಷದ ಮೇಲೆ, ಚಾಲಕರು ಕಮಿಷನ್ನಿನಿಂದ ರೋಸಿಹೋದ ಮೇಲೆ. ನಡುವಿನ ವರ್ಷಗಳಲ್ಲಿ ಗಾಡಿ ಸಾಲ ತೀರಿಸುತ್ತ ಕೂತವರ ನಷ್ಟ ಯಾರ ಲೆಕ್ಕಕ್ಕೂ ಸೇರಲಿಲ್ಲ.

ಯುರೋಪಿನಲ್ಲಿ ಎಲ್ಲ ನೆಟ್ಟಗಿದೆ ಎಂದು ನಾನು ಹೇಳುತ್ತಿಲ್ಲ. ಅದೇ ಸಮಾನ ದಕ್ಷತೆಯ ಲೆಕ್ಕ ಇಂಟೆಲ್ ಕೇಸಿನಲ್ಲಿ ಏನಾಯಿತು ನೋಡಿ. ಕಂಪ್ಯೂಟರ್ ತಯಾರಕರಿಗೆ ಕೊಟ್ಟ ರಿಯಾಯಿತಿಗಳಿಂದ ಪ್ರತಿಸ್ಪರ್ಧಿ ಎಎಂಡಿಯನ್ನು ಹೊರಗಿಟ್ಟಿತು ಎಂದು ಯುರೋಪಿಯನ್ ಕಮಿಷನ್ 2009ರಲ್ಲಿ ಚಿಪ್ ತಯಾರಕ ಇಂಟೆಲ್‌ಗೆ 106 ಕೋಟಿ ಯೂರೋ ದಂಡ ಹಾಕಿತು. ಕಮಿಷನ್ ಮಾಡಿದ ಲೆಕ್ಕವನ್ನು ಪರಿಶೀಲಿಸಲೇಬೇಕು ಎಂದು 2017ರಲ್ಲಿ ಮೇಲಿನ ನ್ಯಾಯಾಲಯ ಹೇಳಿತು. 2022ರಲ್ಲಿ ಕೆಳಗಿನ ನ್ಯಾಯಾಲಯ ಆ ಲೆಕ್ಕದಲ್ಲಿ ತಪ್ಪು ಹುಡುಕಿ ದಂಡ ರದ್ದು ಮಾಡಿತು. 2024ರ ಅಕ್ಟೋಬರಿನಲ್ಲಿ ಮೇಲಿನ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಹದಿನೈದು ವರ್ಷ! ಎಲ್ಲವನ್ನೂ ಪ್ರತಿ ಕೇಸಿನಲ್ಲೂ ಮೊದಲಿಂದ ಸಾಬೀತು ಮಾಡಿ ಎಂದರೆ ಅರ್ಥಶಾಸ್ತ್ರ ಸತ್ಯ ಹುಡುಕುವ ಸಾಧನವಾಗಿ ಉಳಿಯುವುದಿಲ್ಲ, ಕಾಲ ತಳ್ಳುವ ಸಾಧನವಾಗುತ್ತದೆ. ಇದು ಹೊರಗಿನಿಂದ ಹೇಳುವ ಟೀಕೆಯಲ್ಲ; ನನ್ನ ವೃತ್ತಿಯವರ ಪಾಲೂ ಇದರಲ್ಲಿದೆ.

ಆದ್ದರಿಂದಲೇ ಜರ್ಮನಿಯ 19ಎ ಸೆಕ್ಷನ್ ನನಗೆ ಹಿಡಿಸುವುದು. ಅದು ಪ್ರಶ್ನೆಯನ್ನು ಎರಡು ತುಂಡು ಮಾಡುತ್ತದೆ. ಕಂಪನಿಗೆ ಹಲವು ಮಾರುಕಟ್ಟೆಗಳ ಮೇಲೆ ಹಿಡಿತವಿದೆಯೇ ಎಂಬುದನ್ನು ಹಣಬಲ, ಡೇಟಾ, ಬೇರೆ ವ್ಯಾಪಾರಿಗಳು ಗ್ರಾಹಕರನ್ನು ತಲುಪಲು ಅದನ್ನೇ ನೆಚ್ಚಿಕೊಂಡಿರುವ ರೀತಿ ಇವುಗಳಿಂದ ಒಮ್ಮೆ ತೀರ್ಮಾನಿಸುತ್ತಾರೆ. ಅದು ಐದು ವರ್ಷ ನಿಲ್ಲುತ್ತದೆ. ಆಮೇಲೆ ನಿರ್ದಿಷ್ಟ ನಡವಳಿಕೆಯನ್ನು ನಿಷೇಧಿಸುವಾಗ, ಅದಕ್ಕೆ ನ್ಯಾಯವಾದ ಕಾರಣವಿದೆ ಎಂದು ತೋರಿಸುವ ಹೊಣೆ ಕಂಪನಿಯದು. ಲೆಕ್ಕದ ಪುಸ್ತಕ ಯಾರ ಬಳಿ ಇದೆಯೋ ಅವರೇ ಲೆಕ್ಕ ಕೊಡಬೇಕು. ಮೇಲ್ಮನವಿ ನೇರವಾಗಿ ಕಾರ್ಲ್ಸ್‌ರುಹೆಯ ಫೆಡರಲ್ ನ್ಯಾಯಾಲಯಕ್ಕೆ. ಅಮೆಜಾನ್ ಮೇಲೆ 2022ರ ಜುಲೈನಲ್ಲಿ ಆದ ತೀರ್ಮಾನವನ್ನು ಆ ನ್ಯಾಯಾಲಯ 2024ರ ಏಪ್ರಿಲಿನಲ್ಲಿ ಖಚಿತಪಡಿಸಿತು. ಎರಡು ವರ್ಷವೂ ಹಿಡಿಯಲಿಲ್ಲ.

ನಮ್ಮಲ್ಲಿ ಅದೇ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಮೇಲೆ ಆಯೋಗ ತನಿಖೆಗೆ ಆದೇಶಿಸಿದ್ದು 2020ರ ಜನವರಿಯಲ್ಲಿ. ಮುಂದಿನ ತಿಂಗಳೇ ಕರ್ನಾಟಕ ಹೈಕೋರ್ಟ್ ತಡೆ ಕೊಟ್ಟಿತು. 2021ರ ಜೂನ್‌ನಲ್ಲಿ ಅರ್ಜಿಗಳು ವಜಾ ಆದವು, ಜುಲೈನಲ್ಲಿ ಮೇಲ್ಮನವಿಯೂ ವಜಾ ಆಯಿತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಡೆಯಲು ಒಪ್ಪಲಿಲ್ಲ. ತನಿಖಾ ವರದಿ ಬಂದದ್ದು 2024ರಲ್ಲಿ. ಮತ್ತೆ ಅರ್ಜಿಗಳ ಸುರಿಮಳೆ. ಒಂದೂವರೆ ವರ್ಷ ಹೋದದ್ದು ತನಿಖೆ ನಡೆಯಬೇಕೇ ಬೇಡವೇ ಎಂಬ ವಾದದಲ್ಲಿ; ಯಾರಿಗೆ ಎಷ್ಟು ಪೆಟ್ಟು ಬಿತ್ತು ಎಂಬ ಲೆಕ್ಕದಲ್ಲಿ ಅಲ್ಲ.

2025ರ ಮೇ ತಿಂಗಳಲ್ಲಿ ಶಾಟ್ ಗ್ಲಾಸ್ ಎಂಬ ಕಂಪನಿಯ ಕೇಸಿನ ತೀರ್ಪಿನಲ್ಲಿ, ಪರಿಣಾಮವನ್ನು ವಿಶ್ಲೇಷಿಸದೆ ಪ್ರಾಬಲ್ಯದ ದುರ್ಬಳಕೆ ಎನ್ನುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ನಾನು ಅದನ್ನು ಒಪ್ಪುತ್ತೇನೆ. ಆದರೆ 19ಎ ಥರದ ಎರಡು ಹಂತವಿಲ್ಲದೆ ಇದನ್ನಷ್ಟೇ ಪಾಲಿಸಿದರೆ ನಮ್ಮಲ್ಲೂ ಇಂಟೆಲ್‌ನಂಥ ಕೇಸುಗಳೇ ಹುಟ್ಟುತ್ತವೆ.

ಹಾಗೆಂದು ಯುರೋಪಿನ ಕಾನೂನನ್ನು ಅವಸರದಲ್ಲಿ ಎತ್ತಿ ತರುವುದೂ ಬೇಡ. ದೊಡ್ಡ ಡಿಜಿಟಲ್ ಕಂಪನಿಗಳಿಗೆ ಮೊದಲೇ ನಿಯಮ ಹಾಕಲು 2024ರ ಮಾರ್ಚ್‌ನಲ್ಲಿ ಬಂದ ನಮ್ಮ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು ಇನ್ನೂ ಕಾಯ್ದೆಯಾಗಿಲ್ಲ, ತಿದ್ದಲು ಅವಕಾಶವಿದೆ. ಯುರೋಪಿನಲ್ಲಿ ಗೇಟ್‌ಕೀಪರ್, ಅಂದರೆ ಇಂಥ ನಿಯಮಗಳಿಗೆ ಒಳಪಡುವ ದೊಡ್ಡ ಕಂಪನಿ ಎನಿಸಿಕೊಳ್ಳಲು ತಿಂಗಳಿಗೆ 4.5 ಕೋಟಿ ಬಳಕೆದಾರರು ಇರಬೇಕು, ಜೊತೆಗೆ 10,000 ವ್ಯಾಪಾರಿ ಬಳಕೆದಾರರೂ ಇರಬೇಕು. 4.5 ಕೋಟಿ ಎಂದರೆ ಅಲ್ಲಿನ ಜನಸಂಖ್ಯೆಯ ಹತ್ತರಲ್ಲೊಂದು ಪಾಲು. ನಮ್ಮ ಕರಡಿನಲ್ಲಿ ವಹಿವಾಟಿನ ಮಿತಿಯ ಜೊತೆಗೆ ಕೇಳಿರುವುದು 1 ಕೋಟಿ ಬಳಕೆದಾರರು ಅಥವಾ 10,000 ವ್ಯಾಪಾರಿಗಳು. 140 ಕೋಟಿ ಜನರ ದೇಶದಲ್ಲಿ 1 ಕೋಟಿ ಎಂದರೆ ನೂರಕ್ಕೆ ಒಂದೂ ಆಗಲಿಲ್ಲ. ಇಷ್ಟು ಕೆಳಗಿನ ಗೆರೆ ಗೂಗಲ್‌ನಂಥ ದೈತ್ಯನನ್ನು ಹಿಡಿಯುವಷ್ಟೇ ಸುಲಭವಾಗಿ, ಆ ದೈತ್ಯನ ಎದುರು ಈಗಷ್ಟೇ ನಿಲ್ಲುತ್ತಿರುವ ಭಾರತದ ಕಂಪನಿಯನ್ನೂ ಹಿಡಿದೀತು. ಎಷ್ಟು ಬಳಕೆದಾರರಾದ ಮೇಲೆ ಮಾರುಕಟ್ಟೆ ಒಂದು ಕಡೆ ವಾಲುತ್ತದೆ ಎಂಬುದು ಟ್ಯಾಕ್ಸಿಯಲ್ಲಿ ಬೇರೆ, ಊಟದ ಡೆಲಿವರಿಯಲ್ಲಿ ಬೇರೆ, ಯುಪಿಐ ಆ್ಯಪ್‌ಗಳಲ್ಲಿ ಬೇರೆ. ಟ್ಯಾಕ್ಸಿಯಲ್ಲಂತೂ ಅದನ್ನು ಊರು ಊರಿಗೂ ಬೇರೆಯಾಗಿಯೇ ಅಳೆಯಬೇಕು. ಸ್ಪರ್ಧಾ ಆಯೋಗದಲ್ಲಿ ಅರ್ಥಶಾಸ್ತ್ರಜ್ಞರಿದ್ದಾರೆ. ಕರಡಿನ ಅಂಕಿಗಳನ್ನು ಅಂತಿಮ ಮಾಡುವ ಮೊದಲು ಈ ಅಳತೆಯ ಕೆಲಸವನ್ನು ಅವರಿಗೆ ಒಪ್ಪಿಸಲಿ, ಅವರು ಕಂಡದ್ದನ್ನು ಸಾರ್ವಜನಿಕರ ಮುಂದಿಡಲಿ, ಮತ್ತು ಪ್ರಬಲ ಸ್ಥಾನಕ್ಕೆ ಏರುವ ಮೊದಲೇ ತಡೆಯಬಲ್ಲ 20(3ಎ)ನಂಥ ಒಂದು ಸೆಕ್ಷನ್ನನ್ನು ಅದೇ ಮಸೂದೆಯಲ್ಲಿ ಸೇರಿಸಲಿ.