ಸ್ಪೀಕರ್ ರಾಜೀನಾಮೆ ಕೊಡುವುದಾದರೆ ಯಾರ ಕೈಗೆ ಕೊಡಬೇಕು?

ಸುಮ್ನೆ ಒಂದು ಪ್ರಶ್ನೆ. ಲೋಕಸಭೆಯ ಸ್ಪೀಕರ್‌ಗೆ ನಾಳೆ ಬೆಳಗ್ಗೆ ರಾಜೀನಾಮೆ ಕೊಡಬೇಕು ಅನ್ನಿಸಿದರೆ ಪತ್ರ ಯಾರ ಹೆಸರಿಗೆ ಬರೆಯಬೇಕು?

ರಾಷ್ಟ್ರಪತಿಗೆ ಅಂತ ಹೆಚ್ಚಿನವರು ಅಂದುಕೊಂಡಿದ್ದಾರೆ. ಅಲ್ಲ. ಸಂವಿಧಾನದ 94ನೇ ವಿಧಿ ಪ್ರಕಾರ ಅದು ಡೆಪ್ಯುಟಿ ಸ್ಪೀಕರ್‌ಗೆ ಹೋಗಬೇಕು. ಡೆಪ್ಯುಟಿ ಸ್ಪೀಕರ್ ಬಿಡುವುದಾದರೆ ಅವರ ಪತ್ರ ಸ್ಪೀಕರ್‌ಗೆ. ಸದನದ ವ್ಯವಹಾರ ಸದನದ ಒಳಗೇ ಮುಗಿಯಬೇಕು, ಸರ್ಕಾರ ನಡುವೆ ಬರಬಾರದು. ಚೆಂದದ ಏರ್ಪಾಡು ಅಲ್ವಾ?

ಆದರೆ ಪತ್ರ ತೆಗೆದುಕೊಳ್ಳುವವರು ಇರಬೇಕಲ್ಲ. 2019ರಿಂದ 2024ರವರೆಗಿನ 17ನೇ ಲೋಕಸಭೆ ಡೆಪ್ಯುಟಿ ಸ್ಪೀಕರ್ ಇಲ್ಲದೆಯೇ ಅವಧಿ ಪೂರೈಸಿತು. 2024ರ ಜೂನ್‌ನಲ್ಲಿ 18ನೇ ಲೋಕಸಭೆ ಬಂತು, ಸ್ಪೀಕರ್ ಆಯ್ಕೆಯೂ ಆಯಿತು. ವರ್ಷ ದಾಟಿದರೂ ಡೆಪ್ಯುಟಿ ಕುರ್ಚಿ ಮಾತ್ರ ತುಂಬಲಿಲ್ಲ. 1952ರಲ್ಲಿ, ಎಲ್ಲವನ್ನೂ ಹೊಸದಾಗಿ ಕಟ್ಟಬೇಕಿದ್ದ ಕಾಲದಲ್ಲಿ, ಎರಡೂ ಚುನಾವಣೆ ಮೇ ತಿಂಗಳೊಳಗೇ ಮುಗಿದಿದ್ದವು.

93ನೇ ವಿಧಿ ಇಬ್ಬರನ್ನೂ 'ಆದಷ್ಟು ಬೇಗ' ಆರಿಸಬೇಕು ಅನ್ನುತ್ತದೆ. ಗಡುವು ಹಾಕಿಲ್ಲ. ಇಷ್ಟು ಸಾಮಾನ್ಯ ವಿಷಯಕ್ಕೂ ಗಡುವು ಬೇಕಾಗುತ್ತದೆ ಅಂತ ಬರೆದವರಿಗೆ ಹೊಳೆದಿರಲಿಕ್ಕಿಲ್ಲ, ಪಾಪ.

'ಅವರಿಲ್ಲದೆ ಯಾವ ಕೆಲಸ ನಿಂತಿದೆ?' ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಸ್ಪೀಕರ್ ಎದ್ದುಹೋದಾಗ ಕುರ್ಚಿಯಲ್ಲಿ ಕೂರುವುದಕ್ಕೆ ಹತ್ತು ಸದಸ್ಯರವರೆಗಿನ ಒಂದು ಪ್ಯಾನೆಲ್ ಇರುತ್ತದೆ. ದಿನದ ಕಲಾಪ ಅವರಿಂದ ನಡೆಯುತ್ತದೆ. ಆದರೆ ಆ ಪ್ಯಾನೆಲ್‌ಗೆ ಹೆಸರು ಹಾಕುವವರು ಸ್ಪೀಕರ್. ಡೆಪ್ಯುಟಿ ಸ್ಪೀಕರ್ ಹಾಗಲ್ಲ. ಅವರನ್ನು ಆರಿಸುವುದು ಸದನ, ತೆಗೆಯಬೇಕಾದರೂ ಸದನವೇ ತೆಗೆಯಬೇಕು. ಅವರು ಸ್ಪೀಕರ್ ಕೈಕೆಳಗಿನ ಸಿಬ್ಬಂದಿ ಅಲ್ಲ. ಇನ್ನೊಂದು, ಸ್ಪೀಕರ್ ಹುದ್ದೆಯೇ ಖಾಲಿಯಾದರೆ ಪ್ಯಾನೆಲ್‌ನವರು ಕೂರುವ ಹಾಗಿಲ್ಲ. ಡೆಪ್ಯುಟಿಯೂ ಇಲ್ಲದಿದ್ದರೆ ರಾಷ್ಟ್ರಪತಿ ಒಬ್ಬ ಸದಸ್ಯರನ್ನು ನೇಮಿಸಬೇಕು. ರಾಷ್ಟ್ರಪತಿ ನಡೆಯುವುದು ಮಂತ್ರಿಮಂಡಲದ ಸಲಹೆಯಂತೆ. ಯಾವ ಸರ್ಕಾರವನ್ನು ದೂರ ಇಡಬೇಕು ಅಂತಿತ್ತೋ ಅದೇ ಬಾಗಿಲಲ್ಲಿ ಬಂದು ನಿಂತ ಹಾಗಾಯಿತು.

ಇದೇನು ಬರೀ ಕಲ್ಪನೆ ಅಂದುಕೊಳ್ಳಬೇಡಿ. ಪಕ್ಕದ ರಾಜ್ಯಸಭೆಯನ್ನೇ ನೋಡಿ. ಅಲ್ಲಿ ಉಪರಾಷ್ಟ್ರಪತಿಯೇ ಸಭಾಪತಿ, ಸದನದ ಸದಸ್ಯರೂ ಅಲ್ಲದವರು. 2025ರ ಜುಲೈ 21ರ ರಾತ್ರಿ ಜಗದೀಪ್ ಧನ್‌ಕರ್ ಇದ್ದಕ್ಕಿದ್ದಂತೆ ರಾಜೀನಾಮೆ ಕೊಟ್ಟರು. ಅಧಿವೇಶನ ಶುರುವಾದ ಮೊದಲ ದಿನ ಅದು. ದೇಶವೆಲ್ಲ ಯಾಕೆ, ಏನು ಅಂತ ತಲೆ ಕೆಡಿಸಿಕೊಂಡಿತು. ಮರುದಿನ ಉಪಸಭಾಪತಿ ಹರಿವಂಶ್ ಬಂದು ಕುರ್ಚಿಯಲ್ಲಿ ಕೂತರು. ಸೆಪ್ಟೆಂಬರ್‌ನಲ್ಲಿ ಸಿ.ಪಿ. ರಾಧಾಕೃಷ್ಣನ್ ಬರುವವರೆಗೆ ಆ ಸದನಕ್ಕೆ ಯಜಮಾನರಿಲ್ಲ ಅಂತ ಅನ್ನಿಸಲಿಲ್ಲ.

ಇನ್ನು 2002ರ ಕಥೆ. ನನಗೆ ಇದು ಬಹಳ ಇಷ್ಟ. ಆ ಮಾರ್ಚ್ 3ರಂದು ಸ್ಪೀಕರ್ ಜಿ.ಎಂ.ಸಿ. ಬಾಲಯೋಗಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ಅದೇ ತಿಂಗಳು ವಾಜಪೇಯಿ ಸರ್ಕಾರದ ಪೋಟಾ (ಭಯೋತ್ಪಾದನೆ ತಡೆ) ಮಸೂದೆ ಲೋಕಸಭೆಯಲ್ಲಿ ಪಾಸಾಗಿ ರಾಜ್ಯಸಭೆಯಲ್ಲಿ ಬಿದ್ದುಹೋಯಿತು. ಉಳಿದ ದಾರಿ ಜಂಟಿ ಅಧಿವೇಶನ ಒಂದೇ. ಗಣರಾಜ್ಯದ ಇತಿಹಾಸದಲ್ಲಿ ಅಲ್ಲಿಯವರೆಗೆ 1961 ಮತ್ತು 1978ರಲ್ಲಿ ಮಾತ್ರ ಮಸೂದೆಗಾಗಿ ಹಾಗೆ ಸೇರಿದ್ದರು. ಎರಡೂ ಸದನ ಒಟ್ಟಿಗೆ ಕೂತಾಗ ಅಧ್ಯಕ್ಷತೆ ಲೋಕಸಭೆಯ ಸ್ಪೀಕರ್‌ದು. ಸ್ಪೀಕರೇ ಇಲ್ಲ! ಮಾರ್ಚ್ 26ರಂದು ಆ ಜಾಗದಲ್ಲಿ ಕೂತವರು ಡೆಪ್ಯುಟಿ ಸ್ಪೀಕರ್ ಪಿ.ಎಂ. ಸಯೀದ್. ಲಕ್ಷದ್ವೀಪದ ಸಂಸದ, ಕಾಂಗ್ರೆಸ್ಸಿಗರು. ಪೋಟಾವನ್ನು ಜೋರಾಗಿ ವಿರೋಧಿಸುತ್ತಿದ್ದದ್ದು ಅವರದೇ ಪಕ್ಷ. ಪರ 425, ವಿರೋಧ 296. ತಮ್ಮ ಪಕ್ಷ ಬೇಡವೆಂದ ಕಾನೂನು ಅವರ ಅಧ್ಯಕ್ಷತೆಯಲ್ಲೇ ಪಾಸಾಯಿತು. ವಿರೋಧ ಪಕ್ಷದವರಿಗೆ ಆ ಕುರ್ಚಿ ಕೊಟ್ಟರೆ ಸರ್ಕಾರದ ಕೆಲಸ ಕೆಡುತ್ತದೆ ಅನ್ನುವವರು ಈ ಒಂದು ದಿನದ ಕಲಾಪ ಓದಿದರೆ ಸಾಕು.

ಕೊಡುವ ಪದ್ಧತಿ ಇತ್ತು. ನಮ್ಮ ತುಮಕೂರಿನ ಎಸ್. ಮಲ್ಲಿಕಾರ್ಜುನಯ್ಯನವರು 1991ರಲ್ಲಿ ಡೆಪ್ಯುಟಿ ಸ್ಪೀಕರ್ ಆದರು. ಅವರು ಬಿಜೆಪಿ, ದೆಹಲಿಯಲ್ಲಿದ್ದದ್ದು ನರಸಿಂಹ ರಾವ್ ಸರ್ಕಾರ. ಮನಮೋಹನ್ ಸಿಂಗ್ ಕಾಲದಲ್ಲಿ ಅಕಾಲಿ ದಳದ ಅಟ್ವಾಲ್, ಆಮೇಲೆ ಬಿಜೆಪಿಯ ಕರಿಯಾ ಮುಂಡಾ. (ಸಂದರ್ಭ ಬಂತು ಅಂತ ಹೇಳುತ್ತೇನೆ: 1977ರ ಜುಲೈನಿಂದ ಎರಡು ವರ್ಷ ಲೋಕಸಭೆಯಲ್ಲಿ ಕೆ.ಎಸ್. ಹೆಗ್ಡೆ, ರಾಜ್ಯಸಭೆಯಲ್ಲಿ ಬಿ.ಡಿ. ಜತ್ತಿ. ಎರಡೂ ಸದನ ನಡೆಸುತ್ತಿದ್ದವರು ಕನ್ನಡಿಗರು. ಇದನ್ನು ನಾವು ಜಾಸ್ತಿ ಹೇಳಿಕೊಳ್ಳುವುದೇ ಇಲ್ಲ.)

ವಿರೋಧ ಪಕ್ಷಕ್ಕೇ ಕೊಡಬೇಕು ಅಂತ ಸಂವಿಧಾನ ಎಲ್ಲೂ ಹೇಳಿಲ್ಲ, ಒಪ್ಪುತ್ತೇನೆ. ಕರ್ನಾಟಕ ವಿಧಾನಸಭೆಯಲ್ಲೂ 2023ರಲ್ಲಿ ಕಾಂಗ್ರೆಸ್ ಸರ್ಕಾರ ಬಂದಾಗ ಆ ಹುದ್ದೆ ಹೋಗಿದ್ದು ಕಾಂಗ್ರೆಸ್ಸಿನ ರುದ್ರಪ್ಪ ಲಮಾಣಿ ಅವರಿಗೆ. ಖಾಲಿ ಬಿಡುವ ಚಟವೂ ಒಂದೇ ಪಕ್ಷದ್ದಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಅರ್ಜಿಯಲ್ಲಿ ಲೋಕಸಭೆಯ ಜೊತೆ ಐದು ರಾಜ್ಯಗಳ ವಿಧಾನಸಭೆಗಳಿದ್ದವು. ಅದರಲ್ಲಿ ಆಗ ಕಾಂಗ್ರೆಸ್ ಆಳುತ್ತಿದ್ದ ರಾಜಸ್ಥಾನವೂ ಇತ್ತು. ಹಾಗಾಗಿ ಪಕ್ಷದ ಬಾವುಟ ಹಿಡಿದು ಕಾಮೆಂಟ್ ಮಾಡಲು ಬರುವವರು ಸ್ವಲ್ಪ ತಡೆಯಿರಿ.

ನನ್ನ ತಕರಾರು ಇಷ್ಟೇ. ನಿಮ್ಮವರನ್ನೇ ಕೂರಿಸುವುದಿದ್ದರೆ ಕೂರಿಸಿ, ನಾವು ಬೈಯುತ್ತೇವೆ, ಅದು ಬೇರೆ ಮಾತು. ಆದರೆ ಚುನಾವಣೆ ಮಾಡಿ. ಇದಕ್ಕೆ ಮಸೂದೆ ಬೇಡ, ಸಂವಿಧಾನ ತಿದ್ದುಪಡಿ ಬೇಡ. ಲೋಕಸಭೆಯ 8ನೇ ನಿಯಮದ ಪ್ರಕಾರ ಡೆಪ್ಯುಟಿ ಸ್ಪೀಕರ್ ಚುನಾವಣೆಗೆ ದಿನ ಗೊತ್ತುಮಾಡುವವರು ಸ್ಪೀಕರ್. ಸ್ಪೀಕರ್ ಚುನಾವಣೆಯ ದಿನವನ್ನು ರಾಷ್ಟ್ರಪತಿ ಗೊತ್ತುಮಾಡುತ್ತಾರೆ, ಅದು ಯಾವತ್ತೂ ತಪ್ಪಿಲ್ಲ. ಅದೇ 8ನೇ ನಿಯಮಕ್ಕೆ 'ಮೊದಲ ಅಧಿವೇಶನ ಮುಗಿಯುವುದರೊಳಗೆ' ಅಂತ ಸೇರಿಸಿಬಿಟ್ಟರೆ ಆಯಿತು.