ಸಂಪಿಗೊಂದು ಕಿವಿ

ಸಂಪಿನ ಮುಚ್ಚಳ ತೆಗೆದು, ಒಳಕ್ಕೊಂದು ತಂತಿ ಇಳಿಬಿಟ್ಟು, ಹೆಡ್‌ಫೋನ್ ಹಾಕಿಕೊಂಡು ಗೇಟಿನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತ ಮನುಷ್ಯನನ್ನು ಕಂಡೂ ಕಾಣದಂತೆ ಹಾದುಹೋಗುವ ಸಂಯಮ ಬೆಂಗಳೂರಿನ ಯಾವ ಬಡಾವಣೆಯ ಜನರಿಗೂ ಇಲ್ಲ. ಎದುರುಮನೆಯವರು "ಉಂಗುರ ಬಿತ್ತಾ ಸಾರ್?" ಎಂದು ಕೇಳಿದರು. ಪೇಪರ್ ಹಾಕುವ ಹುಡುಗ, ಬಿದ್ದಿರುವುದು ಮೊಬೈಲೇ ಎಂದು ತೀರ್ಮಾನಿಸಿ, ಮೇಲೆತ್ತಿದ ಕೂಡಲೇ ಅಕ್ಕಿ ಡಬ್ಬದಲ್ಲಿ ಹೂತಿಡಬೇಕೆಂದು ಸಲಹೆ ಕೊಟ್ಟು ಸೈಕಲ್ ಹತ್ತಿದ. ಮೂಲೆಮನೆಯ ನಿವೃತ್ತ ಎಂಜಿನಿಯರರು ಮಾತ್ರ ಹತ್ತಿರ ಬಂದು, ಬಗ್ಗಿ ನೋಡಿ, ಗಂಭೀರವಾಗಿ ವಿಚಾರಿಸಿದರು. ನೀರಿನೊಳಗಿನ ಶಬ್ದ ಕೇಳುತ್ತಿದ್ದೇನೆ ಎಂದೆ. "ಸಂಪು ಸೋರ್ತಾ ಇದೆಯೇನ್ರೀ?" ಎಂದರು. ಇಲ್ಲವೆಂದೆ. "ಮತ್ತೆ ಏನುಪಯೋಗ?" ಎಂದರು.

ಈ ಪ್ರಶ್ನೆಯನ್ನು ನಾನು ಕ್ಷಮಿಸಲಾರೆ. ಬೆಳಗಾಗುವ ಮೊದಲೇ ಪಾರ್ಕಿನಲ್ಲಿ ಸುತ್ತುಗಟ್ಟಿ ನಿಂತು, ನಗಲು ಯಾವ ಕಾರಣವೂ ಇಲ್ಲದೆ ಹೋ ಹೋ ಎಂದು ನಗುವವರ ಸಂಘಕ್ಕೆ ಇದೇ ಎಂಜಿನಿಯರರು ಖಜಾಂಚಿಗಳು. ಆ ನಗುವಿನ ಉಪಯೋಗವೇನೆಂದು ನಾನು ಅವರನ್ನು ಎಂದಾದರೂ ಕೇಳಿದ್ದುಂಟೆ? ನೀರಿಗೆ ಕಿವಿಗೊಡುವುದರಿಂದ ಮನುಷ್ಯನಿಗೆ ತಿಳಿಯುವುದೇನು ಎಂಬುದನ್ನು ಸಾವಕಾಶವಾಗಿ ಹೇಳಬೇಕೆಂದೇ ಬರೆಯಲು ಕುಳಿತಿದ್ದೇನೆ. ಅದಕ್ಕೆ ಮೊದಲು ಖರ್ಚಿನ ಮಾತನ್ನು ಮುಗಿಸಿಬಿಡುವುದು ಲೇಸು, ಏಕೆಂದರೆ ಉಪಯೋಗದ ಪ್ರಶ್ನೆಯ ಬೆನ್ನಿಗೇ ಬರುವುದು ಅದು.

ಎಸ್.ಪಿ. ರಸ್ತೆಯ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಪೀಜೋ ಎಂದು ಕೇಳಿದರೂ 27 ಮಿಲಿಮೀಟರ್ ಅಗಲದ ಹಿತ್ತಾಳೆಯ ಬಿಲ್ಲೆಯೊಂದನ್ನು ಒಂದು ಲೋಟ ಕಾಫಿಯ ದುಡ್ಡಿಗೆ ಕೊಡುತ್ತಾರೆ. ಹಾಡುವ ಗ್ರೀಟಿಂಗ್ ಕಾರ್ಡಿನಲ್ಲಿ, ಅಲಾರಂ ಗಡಿಯಾರದಲ್ಲಿ ಕೀಚಲು ದನಿ ತೆಗೆಯುವುದು ಇದೇ ಬಿಲ್ಲೆ; ನೀರಿನೊಳಗೆ ನನಗೆ ಕಿವಿಯಾಗುವುದೂ ಇದೇ. ಒತ್ತಿದರೆ ವಿದ್ಯುತ್ ಕೊಡುವ ಹರಳುಗಳನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದಾಗ ಅದರ ಸಂತತಿ ಗ್ರೀಟಿಂಗ್ ಕಾರ್ಡಿಗೆ ಇಳಿಯಬಹುದೆಂದು ಅವರೂ ಎಣಿಸಿರಲಾರರು. ಎರಡು ತಂತಿ ಬೆಸುಗೆ ಹಾಕಿ, ಮನೆಯವರ ಕಣ್ಣು ತಪ್ಪಿಸಿ ತಂದ ನೈಲ್ ಪಾಲಿಶ್ ಬಳಿದು, ಮೇಲೆ ಎಂ-ಸೀಲ್ ಮೆತ್ತಿ, ಮುಳುಗಲೆಂದು ಒಂದು ಕಬ್ಬಿಣದ ನಟ್ಟು ಕಟ್ಟಿದರೆ ಕೆಲಸ ಮುಗಿಯಿತು.

ಮುಗಿಯಿತು ಎಂದು ನಾವು ಅಂದುಕೊಳ್ಳುವ ಗಳಿಗೆಗೆ ಸರಿಯಾಗಿ ತಿಳಿದವರು ಪ್ರತ್ಯಕ್ಷರಾಗುತ್ತಾರೆ. ಬಿಲ್ಲೆಯನ್ನು ನೇರವಾಗಿ ಫೋನಿಗೆ ಸಿಕ್ಕಿಸಬಾರದು, ಮಂದ್ರಸ್ವರವೆಲ್ಲ ಸೋರಿಹೋಗಿ ತಗಡಿನ ದನಿಯಷ್ಟೇ ಉಳಿಯುತ್ತದೆ ಎನ್ನುತ್ತಾರೆ. ದುರದೃಷ್ಟವಶಾತ್ ಅದು ನಿಜ. ಫೋನಿನ ಮೈಕ್ ತೂತಿನ ತಡೆ ಕೆಲವೇ ಸಾವಿರ ಓಮ್, ಬಿಲ್ಲೆಗೆ ಬೇಕಾದದ್ದು 10 ಲಕ್ಷ ಓಮ್ ಅಥವಾ ಅದಕ್ಕೂ ಹೆಚ್ಚು. ಇವೆರಡನ್ನೂ ಹೊಂದಿಸಲು ನಡುವೆ ಎಫ್‌ಇಟಿ ಎಂಬ ಬಗೆಯ ಒಂದು ಟ್ರಾನ್ಸಿಸ್ಟರು, ನಾಲ್ಕಾರು ರೆಸಿಸ್ಟರು, ಒಂದು 9 ವೋಲ್ಟಿನ ಬ್ಯಾಟರಿ ಇರುವ ಡಬ್ಬಿ ಕೂರಲೇಬೇಕು. ಡಬ್ಬಿ ಕೂರಿಸಿದ ಮೇಲೆ ಮಂದ್ರಸ್ವರ ಬಂತು, ಅದರ ಜೊತೆಗೆ ಮನೆಯ ಅಷ್ಟೂ ವೈರಿಂಗಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆಯೂ ಬಂತು. ಎರಡು ಬಿಲ್ಲೆಗಳನ್ನು ಹಿತ್ತಾಳೆ ಹೊರಗಿರುವಂತೆ ಒಂದಕ್ಕೊಂದು ಅಂಟಿಸಿ, ಹೊರಮೈಯನ್ನು ಅರ್ಥ್ ಮಾಡಿದರೆ ಗುಂಯ್ ತಗ್ಗುತ್ತದೆ. ಇಷ್ಟಾದರೂ ಆ ತಿಳಿದವರಿಗೆ ಸಮಾಧಾನವಿಲ್ಲ. ಸಾವಿರಾರು ರೂಪಾಯಿಯ ಆಮದು ಉಪಕರಣದ ಹೆಸರೊಂದನ್ನು ಹೇಳಿ, "ಅದಿಲ್ದೆ ಇದೆಲ್ಲ ಆಟ ಅಷ್ಟೆ" ಎಂದು ಕೈತೊಳೆದುಕೊಳ್ಳುತ್ತಾರೆ. ಆಟವಲ್ಲವೆಂದು ಅವರಿಗೆ ಹೇಳಿದವರಾದರೂ ಯಾರು?

ಸಂಪಿನೊಳಗೆ ಮೊದಲು ಗಮನಕ್ಕೆ ಬರುವುದು ಹಾರ್ನ್ ಇಲ್ಲದಿರುವುದು. ಗಾಳಿಯಲ್ಲಿ ಬಂದ ಶಬ್ದದ ಶಕ್ತಿಯಲ್ಲಿ ಸಾವಿರಕ್ಕೆ 999 ಪಾಲು ನೀರಿನ ಮೇಲ್ಮೈಗೆ ತಾಕಿ ಹಿಂದಿರುಗಿಬಿಡುತ್ತದೆ. ಆದ್ದರಿಂದ ನಮ್ಮ ರಸ್ತೆಯ ಸ್ಕೂಟರುಗಳಾಗಲಿ, ತರಕಾರಿ ಗಾಡಿಯ ಧ್ವನಿವರ್ಧಕವಾಗಲಿ ಅಲ್ಲಿಗೆ ಇಳಿಯುವುದಿಲ್ಲ. ಈ ನೆಮ್ಮದಿಗೂ ಒಂದು ಕೊರತೆಯಿದೆ. ನೆಲದ ಮೂಲಕ ಬರುವುದೆಲ್ಲ ಗೋಡೆಯಿಂದ ನೀರಿಗೆ ಸಲೀಸಾಗಿ ದಾಟಿಕೊಳ್ಳುತ್ತದೆಯಾಗಿ, ಹಿಂದಿನ ಬೀದಿಯಲ್ಲಿ ಬೋರ್‌ವೆಲ್ ಕೊರೆಯಲು ಲಾರಿ ಬಂದು ನಿಂತ ರಾತ್ರಿ ನನ್ನ ಧ್ವನಿಮುದ್ರಣದಲ್ಲಿ ಅದರ ಗುದ್ದಾಟದ ಹೊರತು ಬೇರೇನೂ ದಾಖಲಾಗಲಿಲ್ಲ. ಹಾಕಿದ ಟಾರು ಆರುವ ಮೊದಲೇ ಅದೇ ರಸ್ತೆಯನ್ನು ಅಗೆಯಲು ಬರುವ ಮಹನೀಯರು ಒಮ್ಮೆ ನನ್ನ ಸಂಪಿನ ಬಳಿ ಕುಳಿತು ಹೆಡ್‌ಫೋನ್ ಹಾಕಿಕೊಳ್ಳಬೇಕೆಂದು ನನಗೆ ಬಹಳ ಆಸೆಯಿದೆ.

ಹೀಗಾಗಿ ಬಿಲ್ಲೆಯನ್ನು ಬಚ್ಚಲುಮನೆಗೆ ವರ್ಗಾಯಿಸಿದೆ. ಅಲ್ಲಿನ ನಲ್ಲಿ ಬಹಳ ಕಾಲದಿಂದ ತೊಟ್ಟಿಕ್ಕುತ್ತಿದೆ; ಅದರ ಕೆಳಗೊಂದು ಬಕೆಟ್ ಶಾಶ್ವತವಾಗಿ ನೆಲೆಸಿದೆ; ರಿಪೇರಿಗೆ ಬರುತ್ತೇನೆಂದ ಮನುಷ್ಯ "ನಾಳೆ" ಎಂಬುದನ್ನು ಒಂದು ತತ್ತ್ವವಾಗಿ ಪಾಲಿಸುತ್ತಿದ್ದಾನೆ. ಹನಿ ಬಿದ್ದಾಗ ಟಿಣ್ ಎನ್ನುವುದು ಹನಿಯಲ್ಲ ಎಂಬ ಸಂಗತಿ ನನಗೆ ಆ ಬಕೆಟ್ಟಿನ ದೆಸೆಯಿಂದ ತಿಳಿಯಿತು, ಮತ್ತು ತಿಳಿದದ್ದನ್ನು ಪೂರ್ತಿ ಹೇಳದೆ ನನ್ನಿಂದ ಮುಂದಕ್ಕೆ ಹೋಗಲಾಗುವುದಿಲ್ಲ. ದೊಡ್ಡ ದೊಡ್ಡವರು ಈ ಬಕೆಟ್ಟಿನ ಮುಂದೆ ಕುಳಿತವರೇ. ಸರ್ ಸಿ.ವಿ. ರಾಮನ್ ಅವರು ಇನ್ನೂ ಕಲ್ಕತ್ತೆಯಲ್ಲಿದ್ದಾಗ, ಅಶುತೋಷ್ ಡೇ ಎಂಬುವರೊಡನೆ ಸೇರಿ, ನೀರಿಗೆ ವಸ್ತು ಬಿದ್ದಾಗ ಏಳುವ ಶಬ್ದದ ಬಗ್ಗೆ 1920ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ರಾಮನ್ನರು ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ನಿರ್ದೇಶಕರಾಗಿ ಬಂದ 1933ರಲ್ಲಿಯೇ, ಅತ್ತ ಹಾಲೆಂಡಿನಲ್ಲಿ ಮಿನ್ನಾರ್ಟ್ ಎಂಬ ಖಗೋಳ ವಿಜ್ಞಾನಿ, ನಕ್ಷತ್ರಗಳನ್ನು ಪಕ್ಕಕ್ಕಿಟ್ಟು, ಹರಿಯುವ ನೀರು ಹಾಡುವುದು ಅದರೊಳಗಿನ ಗಾಳಿಗುಳ್ಳೆಗಳಿಂದ ಎಂದು ಲೆಕ್ಕ ಸಮೇತ ತೋರಿಸಿದ: ಗುಳ್ಳೆ ಚಿಕ್ಕದಾದಷ್ಟೂ ಸ್ವರ ಮೇಲೇರುತ್ತದೆ; ಮೂರು ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 1,000 ಸಲ ಹಿಗ್ಗಿ ಕುಗ್ಗುತ್ತದೆ. ಆಮೇಲೆ ಕೇಂಬ್ರಿಜ್‌ನ ಅನುರಾಗ್ ಅಗರ್ವಾಲ್ ಅವರ ಸರದಿ. ಬ್ರೆಜಿಲಿನಲ್ಲಿ ಗೆಳೆಯರ ಮನೆಯಲ್ಲಿ ತಂಗಿದ್ದಾಗ ಸೋರುವ ಮಾಡಿನ ಕೆಳಗಿಟ್ಟ ಬಕೆಟ್ಟು ಅವರ ನಿದ್ದೆ ಕೆಡಿಸಿತಂತೆ. ನಮ್ಮ ಮಲೆನಾಡಿನಲ್ಲಿ ಮಳೆಗಾಲ ಪೂರ್ತಿ ಹಾಗೆ ನಿದ್ದೆಗೆಟ್ಟವರು ಎಷ್ಟು ಮಂದಿಯಿಲ್ಲ. ಆದರೆ ಅವರಾರೂ ಊರಿಗೆ ಹಿಂತಿರುಗಿ ಅತಿವೇಗದ ಕ್ಯಾಮೆರಾ, ಗಾಳಿಯಲ್ಲೊಂದು ಮೈಕು, ನೀರೊಳಗೊಂದು ಮೈಕು ಇಟ್ಟು ಪರೀಕ್ಷಿಸಲಿಲ್ಲ. ಅಗರ್ವಾಲರು ಪರೀಕ್ಷಿಸಿದರು. 2018ರಲ್ಲಿ ಅವರ ತಂಡ ಪ್ರಕಟಿಸಿದ್ದಿಷ್ಟು: ಹನಿ ಬೀಳುವುದು, ಕುಳಿ ಮೂಡುವುದು, ನಡುವಿನಿಂದ ನೀರಿನ ಕಡ್ಡಿಯೊಂದು ಮೇಲಕ್ಕೆ ಚಿಮ್ಮುವುದು, ಇವೆಲ್ಲವೂ ಹೆಚ್ಚುಕಡಿಮೆ ನಿಶ್ಶಬ್ದ, ಕುಳಿ ಮುಚ್ಚಿಕೊಳ್ಳುವಾಗ ಅದರ ತಳದಲ್ಲಿ ಸಿಕ್ಕಿಬೀಳುವ ಪುಟ್ಟ ಗಾಳಿಗುಳ್ಳೆ ಕಂಪಿಸಿ, ತನ್ನ ಮೇಲಿರುವ ನೀರನ್ನೇ ಪಿಸ್ಟನ್ನಿನಂತೆ ಆಡಿಸುತ್ತದೆ, ನಮಗೆ ಕೇಳುವ ಟಿಣ್ ಅದರದು.

ಅವರು ಒಂದು ಮನೆಮದ್ದನ್ನೂ ಸೂಚಿಸಿದ್ದಾರೆ. ಬಕೆಟ್ಟಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ದ್ರಾವಣ ಸ್ವಲ್ಪ ಸೇರಿಸಿದರೆ ನೀರಿನ ಮೇಲ್ಮೈ ಬಿಗಿತ ತಗ್ಗಿ, ಗುಳ್ಳೆ ಸಿಕ್ಕಿಕೊಳ್ಳದೆ, ಸದ್ದೇ ನಿಂತುಹೋಗುತ್ತದೆ. ಮಾಡಿ ನೋಡಿದೆ. ಅದುವರೆಗೆ ಟಿಣ್ ಟಿಣ್ ಎನ್ನುತ್ತಿದ್ದ ಹೆಡ್‌ಫೋನಿನಲ್ಲಿ ಹನಿಯ ಸುಳಿವೇ ಇಲ್ಲವಾಯಿತು; ಕಣ್ಣೆದುರು ಹನಿ ಬೀಳುತ್ತಲೇ ಇತ್ತು. ನಾನು ಸಂಭ್ರಮದಿಂದ ಅಮ್ಮನನ್ನು ಕರೆದು, ರಾಮನ್ನರಿಂದ ಆರಂಭಿಸಿ ಸೋಪಿನವರೆಗೆ ಎಲ್ಲವನ್ನೂ ವಿವರಿಸಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, "ಆ ನಲ್ಲಿಗೆ ವಾಷರ್ ಹಾಕ್ಸೋಕೆ ಎಷ್ಟಾಗತ್ತೋ?" ಎಂದಳು. ವಾಷರ್ ಹಾಕಿಸಿದರೆ ಆ ಮೇಲೆ ನಾನು ಕೇಳುವುದೇನನ್ನು ಎಂಬ ನನ್ನ ಪ್ರಶ್ನೆಗೆ ಮನೆಯಲ್ಲಿ ಯಾರೂ ಉತ್ತರಿಸಲಿಲ್ಲ.

ತಾರಸಿಯ ಮೇಲಿನ ತಾವರೆ ತೊಟ್ಟಿಯ ಮಾತು ಬೇರೆ. ಅದರೊಳಗೆ ಒಂದಿಷ್ಟು ಹೈಡ್ರಿಲ್ಲಾ ಬೆಳೆದಿದೆ. ಪ್ರೌಢಶಾಲೆಯಲ್ಲಿ ಓದಿದವರಿಗೆಲ್ಲ ಅದರ ಪರಿಚಯವಿರಲೇಬೇಕು: ಬೀಕರು, ಅದರೊಳಗೆ ಬೋರಲು ಹಾಕಿದ ಆಲಿಕೆ, ಮೇಲೊಂದು ಪ್ರನಾಳ, ಬಿಸಿಲಿಗಿಟ್ಟರೆ ಏಳುವ ಆಮ್ಲಜನಕದ ಗುಳ್ಳೆಗಳು. ನಮ್ಮ ಮೇಷ್ಟ್ರು ಗುಳ್ಳೆಗಳನ್ನು ಎಣಿಸಲು ಹೇಳಿದ್ದರೇ ಹೊರತು ಕೇಳಲು ಹೇಳಿರಲಿಲ್ಲ. ಬಿಸಿಲೇರಿದ ಮೇಲೆ ತೊಟ್ಟಿಯೊಳಗೆ ಬಿಲ್ಲೆ ಬಿಟ್ಟರೆ, ಮುರಿದ ದಂಟಿನಿಂದ ಕಳಚಿಕೊಳ್ಳುವ ಗುಳ್ಳೆಗಳು ಲಯ ತಪ್ಪದೆ ಟಿಕ್ ಟಿಕ್ ಎನ್ನುತ್ತವೆ. ಮೋಡ ಅಡ್ಡ ಬಂದರೆ ಸ್ವಲ್ಪ ಹೊತ್ತಿನಲ್ಲಿ ಲಯ ವಿಳಂಬಕ್ಕಿಳಿಯುತ್ತದೆ. ರಾತ್ರಿ ನೆನೆಹಾಕಿದ ಕಡಲೆಕಾಳಿನ ಪಾತ್ರೆಯಲ್ಲೂ ಇಂಥದೇ ಸಣ್ಣ ಚಟಪಟ ಕೇಳುತ್ತದೆ, ಆದರೆ ಬೆಳಗಿನ ಉಸಲಿಗೆಂದು ಇಟ್ಟ ಕಾಳಿನೊಳಗೆ ಎಂ-ಸೀಲ್ ಮೆತ್ತಿದ ವಸ್ತು ಮುಳುಗಿಸುವುದಕ್ಕೆ ನಮ್ಮ ಅಡುಗೆಮನೆಯಲ್ಲಿ ಅನುಮತಿ ಇಲ್ಲ.

ಇವನ್ನೆಲ್ಲ ಕೇಳಿಸಿಕೊಂಡವರು, ನಿದ್ದೆ ಬರಿಸುವ ಆ್ಯಪ್‌ಗಳಲ್ಲಿ ಜಲಧ್ವನಿ ಇದಕ್ಕಿಂತ ಸೊಗಸಾಗಿರುತ್ತದಲ್ಲ ಎನ್ನುತ್ತಾರೆ. ಇರಬಹುದು. ಹಿನ್ನೆಲೆಯಲ್ಲಿ ಕೊಳಲು, ನಡುನಡುವೆ ಕರೆಸಿ ಕೂರಿಸಿದ ತಿಮಿಂಗಿಲ, ಎಲ್ಲೂ ಒಂದು ಮೋಟರಿಲ್ಲ, ಬೋರ್‌ವೆಲ್ ಇಲ್ಲ. ಅಂಥ ನೀರನ್ನು ನಾನಂತೂ ಯಾವ ಪೈಪಿನಲ್ಲೂ ಕಂಡಿಲ್ಲ.

ನನ್ನ ಷಡ್ಡಕ ತಿಳಿದವರ ಮಾತು ನಂಬಿ ಆ ಆಮದು ಉಪಕರಣವನ್ನೇ ತರಿಸಿಕೊಂಡಿದ್ದಾನೆ. ಅವನ ಮನೆಯ ಹಜಾರದಲ್ಲಿ ಗೋಲ್ಡ್ ಫಿಶ್ ಇರುವ ದೊಡ್ಡ ಗಾಜಿನ ತೊಟ್ಟಿಯಿದೆ; ಮೀನುಗಳು ಏನಾದರೂ ಮಾತಾಡುತ್ತವೆಯೋ ಎಂದು ಮೊದಲ ದಿನವೇ ಮುದ್ರಿಸಿ ನನಗೆ ಕಳುಹಿಸಿದ. ನನ್ನ ಬಿಲ್ಲೆಗೆ ಸಾಧ್ಯವೇ ಇಲ್ಲದಷ್ಟು ಸ್ವಚ್ಛವಾಗಿ, ಮಂದ್ರದಿಂದ ತಾರದವರೆಗೆ ಒಂದು ಎಳೆಯೂ ತಪ್ಪದಂತೆ, ತೊಟ್ಟಿಗೆ ಗಾಳಿಯೂದುವ ಪಂಪಿನ ಮೋಟರು ಅದರಲ್ಲಿ ಕೇಳಿಸಿತು. ಪಂಪು ನಿಲ್ಲಿಸಿ ಮುದ್ರಿಸು ಎಂದೆ. ನಿಲ್ಲಿಸಿದರೆ ಮೀನು ಸತ್ತೇಹೋಗುತ್ತವೆಂದು ಮಕ್ಕಳು ಪ್ಲಗ್ಗಿನ ಹತ್ತಿರ ಹೋಗಲೂ ಬಿಡುತ್ತಿಲ್ಲವಂತೆ.