ಕೂದಲು ಉದುರಿದ್ದು ಎಣ್ಣೆ ಹಚ್ಚದೇ ಇದ್ದದ್ದಕ್ಕೇನಾ?

ಬೆಂಗಳೂರಿನಲ್ಲಿ ಹೆಂಗಸರ ಕೂದಲು ಉದುರಿದರೆ ಸಿಗುವ ಉತ್ತರ ಎರಡೇ. ಒಂದು, ‘ಇಲ್ಲಿನ ನೀರು ಸರಿ ಇಲ್ಲ’. ಇನ್ನೊಂದು, ‘ನೀನು ತಲೆಗೆ ಎಣ್ಣೆ ಹಚ್ಚಲ್ಲ, ಅದಕ್ಕೇ’. ಮೊದಲನೆಯದು ಪಿಜಿ ಹುಡುಗಿಯರ ಮಾತು. ಎರಡನೆಯದನ್ನು ಅತ್ತೆ ಹೇಳುತ್ತಾರೆ, ದೊಡ್ಡಮ್ಮ ಹೇಳುತ್ತಾರೆ, ಮದುವೆ ಮನೆಯಲ್ಲಿ ಸಿಕ್ಕಿದ ಯಾರೋ ಆಂಟಿ ಕೂಡ ಜಡೆ ಹಿಡಿದು ನೋಡಿ ಹೇಳುತ್ತಾರೆ. ನನಗೆ ಸಿಟ್ಟು ಬರುವುದು ಇದಕ್ಕೇ. ಕೂದಲು ಹೋಗುತ್ತಿದೆ ಅನ್ನೋ ಸಂಕಟದ ಮೇಲೆ, ಅದು ನಿನ್ನದೇ ಸೋಮಾರಿತನ ಅನ್ನೋ ತೀರ್ಪು ಬೇರೆ. ಅದೂ ಆಯುರ್ವೇದದ ಹೆಸರಿನಲ್ಲಿ.

ನೀರಿನ ವಿಷಯ ಬೇಗ ಮುಗಿಸುತ್ತೇನೆ. ಬೋರ್‌ವೆಲ್, ಟ್ಯಾಂಕರ್ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ, ಶಾಂಪೂ ನೊರೆ ಬರಲ್ಲ, ಕೂದಲು ಒರಟಾಗಿ ತುಂಡಾಗಬಹುದು. ಆದರೆ ತುಂಡಾಗುವುದು ಬೇರೆ, ಬುಡದಿಂದ ಬರುವುದು ಬೇರೆ. ಬಾಚಣಿಗೆಯಲ್ಲಿ ಸಿಕ್ಕಿದ ಕೂದಲಿನ ತುದಿ ನೋಡಿ. ಸಣ್ಣ ಬಿಳಿ ಗುಂಡು ಇದ್ದರೆ ಅದು ಬುಡದಿಂದ ಬಂದಿದ್ದು. ಅದಕ್ಕೆ ಕಾವೇರಿ ನೀರು ಬಂದರೂ ಪರಿಹಾರ ಇಲ್ಲ. ದಿನಕ್ಕೆ 50ರಿಂದ 100 ಕೂದಲು ಹೀಗೆ ಉದುರುವುದು ಸಹಜ, ಸುಮ್ನೆ ಗಾಬರಿ ಬೇಡ.

ಈಗ ಆಯುರ್ವೇದ. ಹಳೆಯ ಗ್ರಂಥಗಳಲ್ಲಿ ಇದಕ್ಕೆ ಖಾಲಿತ್ಯ ಅಂತ ಹೆಸರಿದೆ. ಪಿತ್ತ ಮತ್ತು ವಾತ ಸೇರಿ ಕೂದಲ ಬುಡ ತಲುಪಿದರೆ ಕೂದಲು ಉದುರುತ್ತದೆ, ಆಮೇಲೆ ಕಫ ಮತ್ತು ರಕ್ತ ಆ ರಂಧ್ರ ಮುಚ್ಚಿ ಹೊಸ ಕೂದಲು ಹುಟ್ಟದ ಹಾಗೆ ಮಾಡುತ್ತವೆ ಅನ್ನೋದು ಅವರ ವಿವರಣೆ. ಕೂದಲನ್ನು ಮೂಳೆಯ ಮಲ ಅಂತ ಲೆಕ್ಕ ಹಾಕಿದ್ದಾರೆ, ಅಂದರೆ ಊಟ ಜೀರ್ಣವಾಗಿ, ರಕ್ತ ಮಾಂಸ ಎಲ್ಲ ದಾಟಿ, ಮೂಳೆ ಬೆಳೆದ ಮೇಲೆ ಉಳಿದದ್ದರಿಂದ ಆಗುವುದು. ಇದನ್ನು ನೀವು ನಂಬಿ ಅಂತ ನಾನು ಹೇಳುತ್ತಿಲ್ಲ. ಆದರೆ ಕಾರಣ ಎಲ್ಲಿ ಹುಡುಕಿದ್ದಾರೆ ನೋಡಿ. ಹೊಟ್ಟೆಯಲ್ಲಿ, ರಕ್ತದಲ್ಲಿ. ಎಣ್ಣೆ ಅನ್ನೋದು ಚಿಕಿತ್ಸೆಯ ಒಂದು ಭಾಗ ಮಾತ್ರ. ಮಾರುಕಟ್ಟೆ ಏನು ಮಾಡಿತು ಅಂದರೆ, ವೈದ್ಯರನ್ನು ಬಿಟ್ಟು ಬಾಟಲಿಯನ್ನು ಮಾತ್ರ ಇಟ್ಟುಕೊಂಡಿತು.

ನನ್ನ ವಾರಗಿತ್ತಿ ಒಬ್ಬ ಆಯುರ್ವೇದ ವೈದ್ಯೆಯ ಹತ್ತಿರ ಹೋಗಿದ್ದಳು. ಎಣ್ಣೆ ಬರೆದುಕೊಡುತ್ತಾರೆ ಅಂತ ಹೋದರೆ ಅವರು ಕೇಳಿದ್ದು ಮುಟ್ಟು ಎಷ್ಟು ದಿನ, ಹೊಟ್ಟೆ ಸರಿ ಇದೆಯಾ, ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀರಿ, ಇತ್ತೀಚೆಗೆ ಜ್ವರ ಬಂದಿತ್ತಾ. ಕೊನೆಗೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅನ್ನೋ ಲೆಕ್ಕ), ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅಂದರು. ಇವಳಿಗೆ ನಿರಾಸೆ, ‘ಇದನ್ನ ಇಂಗ್ಲಿಷ್ ಡಾಕ್ಟ್ರೇ ಹೇಳ್ತಿದ್ರಲ್ಲಾ’ ಅಂತ. ನನ್ನ ಪ್ರಕಾರ ಅದೇ ಒಳ್ಳೆಯ ಆಯುರ್ವೇದ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಅದಕ್ಕೆ ಪಾಂಡು ಅಂತ ಹೆಸರಿಟ್ಟು, ಕಬ್ಬಿಣದ ಔಷಧ ಹೇಳಿದ್ದು ಇದೇ ಆಯುರ್ವೇದ ಅಲ್ವಾ? ಕಬ್ಬಿಣ ಕಡಿಮೆ ಇರುವ ತಲೆಗೆ ಎಷ್ಟು ಎಣ್ಣೆ ಸುರಿದರೆ ಏನು ಬಂತು. (ಅಂದಹಾಗೆ, ತಿಂಡಿ ತಿಂದ ಕೂಡಲೇ ಫಿಲ್ಟರ್ ಕಾಫಿ ಕುಡಿದರೆ ಊಟದ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ ಅಂದರೆ ಈ ಊರಲ್ಲಿ ಯಾರೂ ಕೇಳಲ್ಲ, ಗೊತ್ತು. ಊಟಕ್ಕೆ ನೆಲ್ಲಿಕಾಯಿ ಚಟ್ನಿಯಾದರೂ ಇರಲಿ, ಅದರ ವಿಟಮಿನ್ ಸಿ ಕಬ್ಬಿಣ ಹೀರಿಕೊಳ್ಳಲು ಸಹಾಯ ಮಾಡುತ್ತದೆ.)

ಹಾಗಾದರೆ ಅಷ್ಟೊಂದು ಜನ ‘ಈ ಎಣ್ಣೆ ಹಚ್ಚಿದೆ, ಕೂದಲು ಬಂತು’ ಅಂತಾರಲ್ಲ, ಎಲ್ಲ ಸುಳ್ಳಾ? ಅಲ್ಲ. ಬಹುತೇಕ ನಿಜವೇ ಇರಬಹುದು, ಅದೇ ತಮಾಷೆ. ಡೆಂಗಿ ಜ್ವರ, ಹೆರಿಗೆ, ಆಪರೇಷನ್, ಉಪವಾಸದಂಥ ಡಯೆಟ್, ಇವೆಲ್ಲ ಆದಾಗ ತುಂಬಾ ಕೂದಲು ಒಟ್ಟಿಗೆ ಬೆಳೆಯುವುದು ನಿಲ್ಲಿಸಿ ವಿಶ್ರಾಂತಿಗೆ ಹೋಗುತ್ತವೆ. ಎರಡು ಮೂರು ತಿಂಗಳಾದ ಮೇಲೆ ಗೊಂಚಲು ಗೊಂಚಲಾಗಿ ಉದುರುತ್ತವೆ. ಆಗ ಜ್ವರ ಮರೆತೇ ಹೋಗಿರುತ್ತದೆ. ಇನ್ನೂ ಕೆಲವು ತಿಂಗಳಲ್ಲಿ ಹೆಚ್ಚಿನವರಿಗೆ ಅದು ತಾನಾಗಿಯೇ ನಿಲ್ಲುತ್ತದೆ, ಹೊಸ ಕೂದಲೂ ಬರುತ್ತದೆ. ಆ ಹೊತ್ತಿಗೆ ಬಚ್ಚಲಲ್ಲಿ ಯಾವ ಬಾಟಲಿ ಇತ್ತೋ ಅದಕ್ಕೆ ಹೆಸರು. ಬಾಣಂತಿಯರಂತೂ ಈ ಜಾಹೀರಾತುಗಳಿಗೆ ಸುಲಭದ ಗಿರಾಕಿಗಳು, ಯಾಕಂದರೆ ಅವರ ಕೂದಲು ವರ್ಷದೊಳಗೆ ಸಾಮಾನ್ಯವಾಗಿ ವಾಪಸ್ ಬಂದೇ ಬರುತ್ತದೆ.

ಎಣ್ಣೆಯ ವಿರೋಧಿ ನಾನಲ್ಲ. ವಾರಕ್ಕೊಮ್ಮೆ ಹಚ್ಚುತ್ತೇನೆ, ಸೀಗೆಪುಡಿಯಲ್ಲಿ ತೊಳೆಯುತ್ತೇನೆ, ಆ ದಿನ ನಿದ್ದೆ ಚೆನ್ನಾಗಿ ಬರುತ್ತದೆ. ಕೊಬ್ಬರಿ ಎಣ್ಣೆ ಕೂದಲ ಎಳೆಯ ಒಳಗೆ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡುತ್ತದೆ, ತುಂಡಾಗುವುದು ಕಡಿಮೆ. ಗರುಗದ ಸೊಪ್ಪು, ಅಂದರೆ ಭೃಂಗರಾಜ, ಇಲಿಗಳ ಮೇಲಿನ ಪ್ರಯೋಗದಲ್ಲಿ ಕೂದಲು ಬೇಗ ಬೆಳೆಸಿದೆ. ಹೆಂಗಸರ ಮೇಲೆ ಅಂಥ ದೊಡ್ಡ, ಗಟ್ಟಿ ಪರೀಕ್ಷೆ ಆಗಿಲ್ಲ. ಇನ್ನು ತೈಲ ಕಾಯಿಸುವುದಕ್ಕೂ ಶಾಸ್ತ್ರ ಇದೆ. ಅರೆದ ಮೂಲಿಕೆ ಒಂದು ಪಾಲು, ಎಣ್ಣೆ ನಾಲ್ಕು ಪಾಲು, ಸೊಪ್ಪಿನ ರಸ ಅಥವಾ ಕಷಾಯ ಹದಿನಾರು ಪಾಲು, ನೀರಿನಂಶ ಪೂರ್ತಿ ಹೋಗುವ ತನಕ ಸಣ್ಣ ಉರಿ. ರೀಲ್ಸ್‌ನಲ್ಲಿ ಒಣಪುಡಿಯನ್ನು ಬಿಸಿ ಎಣ್ಣೆಗೆ ಸುರಿದು ಹತ್ತು ನಿಮಿಷದಲ್ಲಿ ‘ಅಜ್ಜಿಯ ರಹಸ್ಯ’ ಅಂತ ಮಾಡುತ್ತಾರಲ್ಲ, ಅದು ಒಗ್ಗರಣೆ.

ಒಂದು ಬಗೆಯ ಕೂದಲು ಉದುರುವಿಕೆ ಇದ್ದರೆ ಮಾತ್ರ, ತಾನಾಗಿಯೇ ನಿಲ್ಲುತ್ತದೆ ಅಂತ ಕಾಯುತ್ತಾ ಕೂರಬೇಡಿ. ಗೊಂಚಲಾಗಿ ಉದುರಲ್ಲ, ಆದರೆ ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತದೆ, ನಡುನೆತ್ತಿ ಕಾಣಲು ಶುರುವಾಗುತ್ತದೆ. ಇದು ವಂಶದಿಂದ, ಹಾರ್ಮೋನಿನಿಂದ ಬರುವುದು, ಪಿಸಿಒಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವಂಥ ತೊಂದರೆ) ಇರುವವರಲ್ಲೂ ಕಾಣುತ್ತದೆ. ಇಲ್ಲಿ ಕೂದಲು ತೆಳ್ಳಗಾಗುತ್ತಾ ಹೋಗುತ್ತದೆ, ತಡವಾದಷ್ಟೂ ವಾಪಸ್ ತರುವುದು ಕಷ್ಟ. ಚರ್ಮದ ಡಾಕ್ಟರು ಕೊಡುವ ಮಿನಾಕ್ಸಿಡಿಲ್ ಅನ್ನೋ ಔಷಧಕ್ಕೆ ಇಲ್ಲಿ ಒಳ್ಳೆಯ ಪುರಾವೆ ಇದೆ, ಬಿಟ್ಟರೆ ಮತ್ತೆ ಉದುರುತ್ತದೆ ಅನ್ನೋದೂ ನಿಜ, ಬಸುರಿಯರಿಗೆ ಬೇಡ. ಅದರ ಜೊತೆಗೆ ಎಣ್ಣೆ, ನಸ್ಯ (ಮೂಗಿಗೆ ಔಷಧ ಬಿಡುವುದು), ಶಿರೋಧಾರೆ (ಹಣೆಯ ಮೇಲೆ ಎಣ್ಣೆ ಧಾರೆ ಬಿಡುವುದು) ಮಾಡಿಸಿಕೊಳ್ಳಬೇಕು ಅನ್ನಿಸಿದರೆ ಇಬ್ಬರು ಡಾಕ್ಟರಿಗೂ ಹೇಳಿ ಮಾಡಿಸಿಕೊಳ್ಳಿ. ಅದನ್ನು ಬಿಟ್ಟು ಎರಡು ವರ್ಷ ಬರೀ ಬಾಟಲಿ ಬದಲಾಯಿಸುವುದು ಬೇಡ.

ಭಸ್ಮ, ಮಾತ್ರೆಗಳನ್ನು ಆನ್‌ಲೈನ್‌ನಲ್ಲಿ ತರಿಸಿ ನುಂಗಬೇಡಿ, ಬಸುರಿ ಬಾಣಂತಿಯರು ಖಂಡಿತ ಬೇಡ. ಕೂದಲಿಗೆ ಅಂತ ಮಾರುವ ಬಯೋಟಿನ್ ವಿಟಮಿನ್ ಗಮ್ಮಿ ತಿನ್ನುತ್ತಿದ್ದರೆ ರಕ್ತ ಪರೀಕ್ಷೆಗೆ ಮೊದಲು ಡಾಕ್ಟರಿಗೆ ಹೇಳಿ, ಥೈರಾಯ್ಡ್ ರಿಪೋರ್ಟ್ ತಪ್ಪಾಗಿ ಬರಬಹುದು. ಆಯುರ್ವೇದವೇ ಬೇಕು ಅನ್ನುವವರಿಗೆ ಮೆಜೆಸ್ಟಿಕ್ ಹತ್ತಿರ ಧನ್ವಂತರಿ ರಸ್ತೆಯಲ್ಲಿ ಸರ್ಕಾರಿ ಆಯುರ್ವೇದ ಆಸ್ಪತ್ರೆ ಇದೆ. ಕಾಲೇಜು ಕೂಡ ಅಲ್ಲೇ. ಸಾವಿರಾರು ರೂಪಾಯಿಯ ‘ಹೇರ್ ಪ್ಯಾಕೇಜ್’ ತೆಗೆದುಕೊಳ್ಳುವ ಮೊದಲು ಅಲ್ಲಿ ಒಮ್ಮೆ ತೋರಿಸಬಹುದು, ರಕ್ತದ ರಿಪೋರ್ಟ್ ಜೊತೆಗಿರಲಿ.

ಇನ್‌ಬಾಕ್ಸ್‌ಗೆ ಎಣ್ಣೆ ಮಾರಲು ದಯವಿಟ್ಟು ಬರಬೇಡಿ.